ಗಂಗೂ ಅತ್ತೆ ಕೇಳಿದ ಫರಣ್

ಕೊಂಡಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನಮ್ಮ ಸಾಫ್ಟ್‌ವೇರ್ ಕಚೇರಿಯ ಆರು ಮಂದಿ ಹಿಮಾಲಯಕ್ಕೆ ಹೊರಟೆವು. ಹಿಂದಿನ ದಿನ ದಿಲ್‌ಸುಖ್‌ನಗರಕ್ಕೆ ಹೋಗಿ ಗಂಗೂ ಅತ್ತೆಗೆ ಹೇಳಿ ಬಂದೆ. ಅಪ್ಪನ ತಂಗಿ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು. ಎರಡು ವರ್ಷದಿಂದ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

“ಜೋಶಿಮಠದಾಗ ಫರಣ್ ಅಂತ ಕಾಡು ಉಳ್ಳಾಗಡ್ಡಿ ಸಿಗತೈತಿ. ಒಣಗಿಸಿದ ಎಲಿ ಒಂದು ಹಿಡಿ ತಾ. ಬ್ಯಾರೆ ಏನೂ ಬ್ಯಾಡ,” ಎಂದಳು. ಹಿಂದೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಅದರ ಒಗ್ಗರಣೆಯ ಬೇಳೆ ಉಂಡಿದ್ದಳಂತೆ.

ಹರಿದ್ವಾರದಿಂದ ಜೋಶಿಮಠಕ್ಕೆ ಬಸ್ಸಿನಲ್ಲಿ ಇಡೀ ಹಗಲು ಬೇಕು. ಇನ್ನೂರು ರೂಪಾಯಿಯ ಟಿಕೆಟ್ಟಿಗೆ ಸೊಂಟನೋವು ಉಚಿತ. ಮರುದಿನ ದೇವದಾರು ಕಾಡಿಗೆ ಹೋದೆವು. ಆ ಮರದ ಬುಡದಲ್ಲಿ ನಿಂತರೆ ಕತ್ತು ತಾನಾಗಿ ಮೇಲೇಳುತ್ತದೆ, ಕ್ಯಾಮೆರಾ ಹೊರಬರುತ್ತದೆ. ಫರಣ್ ಕಂಡದ್ದು ವಸತಿಗೃಹದ ಹಿತ್ತಲಲ್ಲಿ, ಮೊಣಕಾಲೂರಿ ಹುಡುಕಿದ ಮೇಲೆ. ಕೀಳಲು ಮರೆತ ಹುಲ್ಲಿನ ಹಾಗಿತ್ತು. ಒಂದು ಫೋಟೊ ಕೂಡ ತೆಗೆಯಲಿಲ್ಲ. ಆದರೆ ವಸತಿಗೃಹದ ಒಡತಿ ಅದನ್ನು ತುಪ್ಪದಲ್ಲಿ ಸಿಡಿಸಿದಾಗ ಆರೂ ಜನ ಎರಡೆರಡು ಸಲ ಬೇಳೆ ಬಡಿಸಿಕೊಂಡೆವು. ಅತ್ತೆಯ ವಿಷಯ ಹೇಳಿದ್ದಕ್ಕೆ ಆಕೆಯೇ ಒಣ ಎಲೆಯ ಪೊಟ್ಟಣ ಕಟ್ಟಿಕೊಟ್ಟಳು.

ವಾಪಸು ಬರುವಾಗ ಮಳೆ. ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಪೊಟ್ಟಣದ ಘಾಟು ನನ್ನ ಚೀಲ ದಾಟಿ ಹಬ್ಬಿತು. ಗೆಳೆಯರು ಮೂಗು ಮುಚ್ಚಿಕೊಂಡು ನಕ್ಕರು, ನನಗೆ ನಾಚಿಕೆಯಾಯಿತು. ರುದ್ರಪ್ರಯಾಗದ ಚಹಾ ಅಂಗಡಿಯ ಬೆಂಚಿನ ಮೇಲೆ ಪೊಟ್ಟಣ ಬಿಟ್ಟು ಎದ್ದೆ. ಅತ್ತೆಗೆ ಕಾಡಿನಲ್ಲಿ ಆಯ್ದ ದೇವದಾರಿನ ಕಾಯಿ ಸಾಕು ಅಂದುಕೊಂಡೆ. ಮರದಲ್ಲಿ ಕೆತ್ತಿದ ಗುಲಾಬಿಯಂತಿತ್ತು. ಕಣ್ಣಿಲ್ಲದವಳಿಗೆ ನೋಡುವ ವಸ್ತು ಒಯ್ಯುತ್ತಿದ್ದೇನೆಂದು ಹೊಳೆಯಲೇ ಇಲ್ಲ. ಎಂಥ ಬುದ್ಧಿಯೋ ನನ್ನದು. ದೆಹಲಿಯಲ್ಲಿ ಇಳಿದವಳು ಚೀಲವನ್ನೂ ಸೋಪಿನಪುಡಿ ಹಾಕಿ ಒಗೆದೆ.

ದಿಲ್‌ಸುಖ್‌ನಗರದಲ್ಲಿ ಅತ್ತೆ ಬೇಳೆ ಬೇಯಿಸಿಟ್ಟು ಕಾಯುತ್ತಿದ್ದಳು. ದೇವದಾರಿನ ಕಾಯನ್ನು ಅಂಗೈಯಲ್ಲಿ ತಿರುಗಿಸಿದಳು.

“ಭಾಳ ಛಂದ ಐತಿ. ಆದರ ಮರ ನನಗ ಮನಸಿನ್ಯಾಗ ಇನ್ನೂ ಕಾಣತೈತವ್ವಾ. ಫರಣ್ ವಾಸನಿ ಮಾತ್ರ ಮರತುಬಿಟ್ಟೀನಿ. ಅದು ಎಲ್ಲೈತಿ?”

“ತಂದಿದ್ದೆ ಅತ್ತಿ. ದಾರ್ಯಾಗ ಕಳಕೊಂಡೆ.”

“ಹೋಗಲಿ ಬಿಡು. ಅದನ್ನ ಇಟ್ಟಿದ್ದ ಚೀಲಾರ ಕೊಡು.”

ಬೇರೆ ದಾರಿಯಿಲ್ಲದೆ ಕೊಟ್ಟೆ. ಚೀಲದ ಬಾಯಿ ಅಗಲಿಸಿ, ಮುಖವಿಟ್ಟು ಉಸಿರೆಳೆದಳು. ಸ್ವಲ್ಪ ತಡೆದು ಇನ್ನೊಮ್ಮೆ ಎಳೆದಳು.

“ಸೋಪಿನ ವಾಸನಿ ಬರಾಕತ್ತೈತಿ,” ಎಂದು ಚೀಲವನ್ನು ಮಡಿಸಿ ನನ್ನ ಕೈಗಿತ್ತು, ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯಲು ಕೂತಳು.