ಸುಣ್ಣದ ನೆಲಕ್ಕೆ ಕಬ್ಬಿಣದ ಡೋಸು

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು, ಈಗ ಮಾನ್ವಿಯಲ್ಲಿದ್ದೇನೆ. ಐದಕ್ಕೆ ಎದ್ದು, ಆರಕ್ಕೆ ಯಾರಿಗಾದರೂ ಏನಾದರೂ ಕುಡಿಸದಿದ್ದರೆ ನನಗೆ ದಿನವೇ ಶುರುವಾಗುವುದಿಲ್ಲ. ಕುಡಿಸಲು ರೋಗಿಗಳು ಉಳಿದಿರಲಿಲ್ಲ. ಹಾಗಾಗಿ ದೇವದುರ್ಗದ ಕಡೆ ಜಾಲಹಳ್ಳಿಯಲ್ಲಿರುವ ತಂಗಿಯ ಲಿಂಬೆ ಗಿಡಗಳಿಗೆ ಕಾಯಿಲೆ ಬಂದದ್ದು ನನ್ನ ಪುಣ್ಯ, ಗಿಡಗಳ ಪಾಪ.

ತಂಗಿ ಆ ಗಿಡಗಳನ್ನು ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು. ಇನ್ನೇನು ಕಾಯಿ ಹಿಡಿಯಬೇಕು ಎನ್ನುವಾಗ ಚಿಗುರೆಲ್ಲ ಹಳದಿಯಾಯಿತು. ನರಗಳು ಮಾತ್ರ ಹಸಿರು, ಯಾರೋ ಪೆನ್ನಿನಿಂದ ಗೆರೆ ಎಳೆದ ಹಾಗೆ.

"ಮಳಿಗಾಲಕ್ಕ ಹಸಿರಾಗಲಿಲ್ಲಂದ್ರ ಜೆಸಿಬಿ ಹಚ್ಚಿ ಕೀಳಸ್ತೀನಿ. ಹತ್ತಿ ಹಾಕ್ತೀನಿ" ಎಂದು ಅವಳ ಗಂಡ ಹೇಳಿಬಿಟ್ಟಿದ್ದ.

ತಂಗಿ ನನ್ನ ಮುಂದೆ ಒಂದು ಟೊಂಗೆ ಹಿಡಿದಳು. "ಅಕ್ಕಾ, ರಕ್ತ ಕಡಿಮಿ ಆದೋರಂಗ ಕಾಣ್ತಾವ ನೋಡು."

ಇಡೀ ಜಿಲ್ಲೆಯ ಗರ್ಭಿಣಿಯರಿಗೆ ಕಬ್ಬಿಣದ ಗುಳಿಗೆ ನುಂಗಿಸಿದವಳಿಗೆ ಇದಕ್ಕಿಂತ ಹೆಚ್ಚಿನ ಆಹ್ವಾನ ಬೇಕೆ? ಮರುದಿನವೇ ರಾಯಚೂರಿಗೆ ಹೋಗಿ, ಗೊಬ್ಬರದ ಅಂಗಡಿಯಲ್ಲಿ ಕಬ್ಬಿಣ ಕೇಳಿದೆ. ಅಂಗಡಿಯವನು ಹಳದಿ ಪುಡಿಯ ಪೊಟ್ಟಣ ತೆಗೆದಿಟ್ಟ.

"ಚಿಲೇಟ್ ಅಂತಾರಿ ಅಮ್ಮಾರ ಇದಕ್ಕ. ಕಬ್ಬಿಣಕ್ಕ ಅಂಗಿ ತೊಡಸಿರ್ತಾರ. ಮಣ್ಣಾಗ ಯಾವನೂ ಮುಟ್ಟಂಗಿಲ್ಲ, ಸೀದಾ ಬೇರಿಗೆ."

"ಇದರ ಮ್ಯಾಲೆ ಎಲಿಗೆ ಹೊಡೀರಿ ಅಂತ ಬರದದಲ್ರೀ?"

"ಮಣ್ಣಿಗೂ ಹಾಕ್ರಿ, ಬ್ಯಾಡಂದೋರ್ಯಾರು?"

ಹೌದು, ಯಾರೂ ಬೇಡ ಅಂದಿರಲಿಲ್ಲ. ಇಷ್ಟು ಗಟ್ಟಿಯಾದ ಆಧಾರ ಸಿಕ್ಕ ಮೇಲೆ ಪಟ್ಟಿ ಬರೆದು ತಂಗಿಯ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಗುರುವಾರ ಬೆಳಿಗ್ಗೆ ಆರಕ್ಕೆ ಔಷಧ. ದಿನಾ ಸಂಜೆ ಐದಕ್ಕೆ ನೀರು, ಬುಡದ ಗುಣಿ ತುಂಬುವವರೆಗೆ. ಗುರುವಾರಗಳಂದು ನಾನೇ ಹಾಜರಿದ್ದು ಚಮಚೆ ಹಿಡಿದೆ. ಒಂದು ಗಿಡಕ್ಕೂ ಡೋಸು ತಪ್ಪಲಿಲ್ಲ. ಗಿಡಗಳಿಗೆ ಮಾತ್ರ ಶಿಸ್ತು ಇರಲಿಲ್ಲ. ಅವು ಇನ್ನಷ್ಟು ಹಳದಿಯಾದವು, ತುದಿಯ ಎಲೆಗಳು ಬಿಳಿಚಿಕೊಂಡವು. ಹೇಳಿದ್ದು ಕೇಳದವರಿಗೆ ಏನು ಮಾಡಬೇಕೋ ಅದನ್ನೇ ಮಾಡಿದೆ: ಡೋಸು ಎರಡರಷ್ಟು ಮಾಡಿದೆ.

"ಅಕ್ಕಾರ, ನಿಮ್ಮ ವಾರ್ಡಿನಾಗ ಪೇಷಂಟ್ ಉಳೀತಿದ್ದಿಲ್ಲೇನ್ರಿ?" ಎಂದ ತಂಗಿಯ ಗಂಡ. ತಂಗಿ ನಗಲಿಲ್ಲ. ಜೆಸಿಬಿಯವನ ಜೊತೆ ಮಾತಾಗಿದೆ ಎಂದು ಅವಳಿಗೆ ಗೊತ್ತಿತ್ತು.

ಕೊನೆಗೆ ಮಣ್ಣಿನ ಚೀಲ ಹಿಡಿದು ರಾಯಚೂರಿನಲ್ಲಿ ಮಣ್ಣು ಪರೀಕ್ಷೆ ಮಾಡುವವರೊಬ್ಬರ ಬಳಿ ಹೋದೆ. ಮೊದಲೇ ಹೋಗಬಹುದಿತ್ತು. ಆದರೆ ರಕ್ತ ಪರೀಕ್ಷೆ ಮಾಡಿಸದೆ ಔಷಧ ನುಂಗುವವರನ್ನು ಬಯ್ಯುವ ಅಭ್ಯಾಸ ನನ್ನದು, ನನಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ಅವರು ಒಂದು ಚಿಟಿಕೆ ಮಣ್ಣಿನ ಮೇಲೆ ಎರಡು ಹನಿ ಆಸಿಡ್ ಬಿಟ್ಟರು. ಮಣ್ಣು ಸೋಡಾದ ಹಾಗೆ ಬುಸ್ಸೆಂದು ನೊರೆ ಎಬ್ಬಿಸಿತು.

"ಇದು ಮಣ್ಣಲ್ರೀ ಯವ್ವಾ, ಸುಣ್ಣದ ಭಟ್ಟಿ! ಏನ್ ಹಾಕೀರಿ ಇದಕ್ಕ?"

ಹೇಳಿದೆ.

"ಆ ಹಳದಿ ಪುಡಿ ಇಡಿಟಿಎ. ಅಂಗಿ ತೊಡಸಿದ್ದು ಖರೇನ. ಆದ್ರ ನಿಮ್ಮ ನೆಲದಾಗ ಸುಣ್ಣ ಆ ಅಂಗಿ ಕಸಗೊಂಡು ತಾನ ಹಾಕ್ಕೊಂತದ. ಬರಿಮೈ ಆದ ಕಬ್ಬಿಣ ತುಕ್ಕಾಗಿ ಕುಂದರ್ತದ, ಬೇರಿಗೆ ಸಿಗಂಗಿಲ್ಲ. ನೀರು?"

"ದಿನಾ. ಐದಕ್ಕ."

"ಛೇ! ನೀರು ನಿಂತಷ್ಟೂ ಈ ನೆಲದಾಗ ಹಳದಿ ರೋಗ ಜಾಸ್ತಿ ಆಗ್ತದ್ರಿ. ಏನ್ ಕೆಲಸ ಮಾಡ್ತಿದ್ರಿ ನೀವು?"

"ನರ್ಸ್."

"ಸುಣ್ಣ ಅಂದ್ರ ಕ್ಯಾಲ್ಸಿಯಂ. ಕಬ್ಬಿಣದ ಗುಳಿಗಿ, ಕ್ಯಾಲ್ಸಿಯಂ ಗುಳಿಗಿ ಕೂಡಿಸೇ ಕೊಡ್ತಿದ್ರೇನ್ರಿ?"

ಕೂಡಿಸಿ ನುಂಗಿದವರನ್ನು ವಾರ್ಡಿನ ತುಂಬ ಕೇಳುವ ಹಾಗೆ ಬಯ್ದಿದ್ದೇನೆ. "ಕಬ್ಬಿಣ ಮೈಗೆ ಹತ್ತಂಗಿಲ್ಲ, ತಲಿ ಅದ ಇಲ್ಲೋ ನಿನಗ?" ಎಂದು ಕೇಳಿದ್ದೇನೆ. ಅದೇ ಪ್ರಶ್ನೆಯನ್ನು ಅವರು ಬಹಳ ಮರ್ಯಾದೆಯಿಂದ ಕೇಳಿದ್ದರು.

ಅವರು ಇನ್ನೊಂದರ ಹೆಸರು ಬರೆದುಕೊಟ್ಟರು: ಇಡಿಡಿಎಚ್‌ಎ. ಕಡುಗೆಂಪು ಕಾಳು. ಸುಣ್ಣದ ನೆಲದಲ್ಲೂ ಕಬ್ಬಿಣವನ್ನು ಬಿಟ್ಟುಕೊಡದ ಹಿಡಿತ ಅದರದು. ಬೇರಿನ ಹತ್ತಿರ ಹಾಕಿ ಮಣ್ಣು ಮುಚ್ಚಬೇಕು, ನೆಲ ಆರುತ್ತ ಬಂದಾಗ ಮಾತ್ರ ನೀರು.

ಜಾಲಹಳ್ಳಿಗೆ ಹೋಗಿ ಮೊದಲು ಪಟ್ಟಿ ಹರಿದೆ. "ತಪ್ಪು ನಂದು ಬೇ" ಎಂದೆ. ಈ ವಾಕ್ಯ ನನ್ನ ಬಾಯಿಗೆ ಹೊಸದು, ಹೊರಬರಲು ಹೊತ್ತು ಹಿಡಿಯಿತು. ತಂಗಿ ಗುದ್ದಲಿ ತಂದಳು. ಇಬ್ಬರೂ ಸೇರಿ ಗಿಡದಿಂದ ಗಿಡಕ್ಕೆ ಕೆಂಪು ಕಾಳು ಹಾಕಿ ಮುಚ್ಚಿದೆವು.

ಕೆಲವು ವಾರಗಳ ಮೇಲೆ ಜೆಸಿಬಿ ಬಂದೇ ಬಂತು. ತಂಗಿ ಮೊದಲ ಸಾಲಿನ ಮುಂದೆ ನಿಂತು, ಒಂದು ಟೊಂಗೆ ಬಗ್ಗಿಸಿ ಗಂಡನ ಮುಖಕ್ಕೆ ಹಿಡಿದಳು. ತುದಿಯಲ್ಲಿ ನಾಲ್ಕು ಹೊಸ ಎಲೆ, ನರವೂ ನಡುವೂ ಒಂದೇ ಹಸಿರು.

"ನಾಕು ಎಲಿ ತೋರಿಸಿ ಹೊಲ ಉಳಸ್ತೀ ಏನಲೇ?"

"ಕೊನೀ ಸಾಲು ಬಿಟ್ರ ಎಲ್ಲಾ ಗಿಡಕ್ಕೂ ನಾಕ್ನಾಕು ಅದಾವ. ಎಣಸ್ರಿ, ನಾ ಇಲ್ಲೇ ನಿಂತಿರ್ತೀನಿ."

ಅವನು ನಿಜವಾಗಿಯೂ ನೋಡಲು ಹೋದ, ಸಾಲು ಸಾಲು. ತಗ್ಗಿನಲ್ಲಿದ್ದ ಕೊನೆಯ ಸಾಲು ಒಣಗಿಹೋಗಿತ್ತು. ನನ್ನ ಐದು ಗಂಟೆಯ ನೀರು ಹೆಚ್ಚು ನಿಂತದ್ದು ಅಲ್ಲಿಯೇ. ಅದೊಂದನ್ನು ಕೀಳಿಸಿ ಜೆಸಿಬಿಯನ್ನು ಕಳಿಸಿಬಿಟ್ಟ.

ತಂಗಿ ಆ ಖಾಲಿ ಗುಂಡಿಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕಾ, ಇನ್ಮ್ಯಾಲೆ ನೀರು, ಔಷಧ ನಾ ನೋಡ್ಕೊಂತೀನಿ. ನೀ ಬಾ, ಊಟ ಮಾಡು, ನೆಳ್ಳಾಗ ಕುಂದ್ರು."

ಕುಳಿತೆ.