ಗೊಂಬೆಗಳಿಗೆ ಜೀವ ಬಂದ ದಸರಾ

ಮೊಮ್ಮಗಳ ಶಾಲೆಯಲ್ಲಿ ದಸರಾಕ್ಕೆ ಕಾಗದದ ಗೊಂಬೆ ಮಾಡಿ ತರಲು ಹೇಳಿದ್ದರು. ಮನೆಯಲ್ಲಿ ಗೋಂದು ಮುಗಿದಿತ್ತು. ಮೈದಾಹಿಟ್ಟು ಕಲಕಿ ಅಂಟು ಕಾಯಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಬಾಲವಾಡಿ ಟೀಚರಮ್ಮ ಎದುರಿಗೆ ಬಂದು ನಿಂತಂತಾಯಿತು... ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಗಷ್ಟೇ ಕಲಿತಿದ್ದೇನೆ. ಮೊದಲು ಅವರ ವಿಷಯವೇ ಬರೆದುಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ವಕ್ಕಲೇರಿ ಹತ್ತಿರದ ಊರಿಗೆ ಸೊಸೆಯಾಗಿ ಬಂದಿದ್ದ ನಾನು ಅಲ್ಲಿನ ಬಾಲವಾಡಿಯಲ್ಲಿ ಆಯಾ ಆಗಿದ್ದೆ. ಟೀಚರಮ್ಮ ಮುಳಬಾಗಿಲಿನವರು, ಮನೆಮಾತು ಉರ್ದು. ಹುಚ್ಚೆಳ್ಳು ಹೂವು ತೋರಿಸಿ ಹಳದಿ ಬಣ್ಣ ಕಲಿಸುತ್ತಿದ್ದರು, ಕಡಲೇಕಾಯಿ ಕೊಟ್ಟು ಎಣಿಕೆ ಕಲಿಸುತ್ತಿದ್ದರು. ಎಣಿಸಿದ ಮೇಲೆ ತಿನ್ನಬಹುದು. ನಾನು ಎಣಿಸುವ ಮೊದಲೇ ತಿನ್ನುತ್ತಿದ್ದೆ.

ಆ ವರ್ಷ ಕಡಲೇಕಾಯಿ ಕೀಳುವ ಕಾಲಕ್ಕೆ ತಾಯಂದಿರು ಮಕ್ಕಳನ್ನು ಹೊಲಕ್ಕೇ ಕರೆದುಕೊಂಡು ಹೋಗತೊಡಗಿದರು. ಕೋಲಾರದಿಂದ ತಪಾಸಣೆಗೆ ಬಂದ ಮೇಡಂ ಖಾಲಿ ಚಾಪೆ ನೋಡಿ, "ಇಪ್ಪತ್ತು ಮಕ್ಕಳಿಲ್ದಿದ್ರೆ ಬಾಗ್ಲು ಹಾಕ್ಬಿಡ್ತೀವಿ. ಆಯುಧಪೂಜೆ ಹಿಂದಿನ ದಿನ ಬಂದು ಎಣಿಸ್ತೀನಿ," ಎಂದು ಹೋದರು.

ಟೀಚರಮ್ಮ ಅಳಲಿಲ್ಲ. "ಗೊಂಬೆ ಕೂರ್ಸೋಣ ಕಣೇ. ಮಕ್ಳೇ ಮಾಡ್ಲಿ. ತಮ್ಮ ಗೊಂಬೆ ನೋಡೋಕಾದ್ರೂ ದಿನಾ ಬರ್ತಾವೆ," ಎಂದರು. ತಲೆಗೆ ರೇಷ್ಮೆಗೂಡು, ಮೈಗೆ ರಾಗಿಹುಲ್ಲು, ಅಂಟಿಸಲು ಕಾಯಿಸಿದ ಮೈದಾ ಅಂಟು. "ನಿಮ್ಮತ್ತೆ ಹತ್ರ ತೂತು ಬಿದ್ದ ಹಳೇ ಗೂಡು ಕೇಳಿ ತಗೊಂಬಾ."

ಕೇಳುವುದೇ? ನಮ್ಮತ್ತೆಯನ್ನೇ? ಅದೂ ಅಲ್ಲದೆ ತೂತು ತಲೆಯ ಗೊಂಬೆ ಯಾರಿಗೆ ಬೇಕು! ಅತ್ತೆ ಹಿತ್ತಲಿಗೆ ಹೋದ ಸಮಯ ನೋಡಿ, ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಹಳದಿಗೆ ಹೊಳೆಯುತ್ತಿದ್ದ ಹೊಸ ಗೂಡುಗಳನ್ನೇ ಮಡಿಲಿಗೆ ತುಂಬಿಕೊಂಡೆ. ಒಳಗಿನ ಹುಳು ಚಿಟ್ಟೆಯಾಗಿ ಹೊರಗೆ ಬರುತ್ತದೆಂದು ಗೊತ್ತಿರಲಿಲ್ಲವೇ? ಕೇಳಿ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ, ಮೂಲೆಯಲ್ಲಿ ಮರೆತ ಒಂದೆರಡು ಬಿಟ್ಟರೆ, ಅಷ್ಟರೊಳಗೆ ಗೂಡು ಮಾರುಕಟ್ಟೆ ಸೇರಿರುತ್ತಿತ್ತು. ಚಿಟ್ಟೆಯ ಮುಖ ನೋಡಿದವರು ಯಾರು?

ಮಕ್ಕಳು ಕಾಡಿಗೆಯಲ್ಲಿ ಕಣ್ಣು ಬರೆದರು. ರಾಜ, ರಾಣಿ, ಮಂತ್ರಿ ಗೊಂಬೆಗಳು ಮೆಟ್ಟಿಲೇರಿ ಕುಳಿತವು. ಆದರೂ ಮೇಡಂ ಬಂದ ಬೆಳಿಗ್ಗೆ ಇದ್ದದ್ದು ಹನ್ನೊಂದೇ ಮಕ್ಕಳು. ಊರೆಲ್ಲ ಮನೆ ಸಾರಿಸುವುದರಲ್ಲಿ, ನೇಗಿಲು ತೊಳೆಯುವುದರಲ್ಲಿ ಮುಳುಗಿತ್ತು. ಮೇಡಂ ಹಾಜರಿ ಪುಸ್ತಕ ಬಿಚ್ಚಿದರು. ಟೀಚರಮ್ಮ ಬೀದಿ ಕಡೆ ಇಣುಕಿ ನೋಡಿದರು...

"ಟೀಚರ್, ರಾಜನ ತಲೆ ಅಲ್ಲಾಡ್ತೈತೆ!" ಒಬ್ಬ ಹುಡುಗಿ ಕಿರುಚಿದಳು.

ರಾಜನ ನೆತ್ತಿ ಒದ್ದೆಯಾಗಿ, ತೂತಾಗಿ, ಒಳಗಿಂದ ಬಿಳಿ ಚಿಟ್ಟೆಯೊಂದು ತೆವಳಿ ಬಂತು. ಹಿಂದೆಯೇ ರಾಣಿಯ ತಲೆಯಿಂದ ಇನ್ನೊಂದು. ಆಮೇಲೆ ಮಂತ್ರಿ, ಪೊಲೀಸು, ಶೆಟ್ಟಿ... "ಗೊಂಬೆಗೆ ಜೀವ ಬಂತೂ!" ಎಂದು ಹನ್ನೊಂದೂ ಮಕ್ಕಳು ಬೀದಿಗೆ ಓಡಿದರು. ಬಾಲವಾಡಿ ಪೂರಾ ಖಾಲಿ. ಮೇಡಂ ಸೊನ್ನೆ ಬರೆಯುವುದೊಂದೇ ಬಾಕಿ.

ಅಷ್ಟರಲ್ಲಿ ಊರೇ ನುಗ್ಗಿತು. ಹುಡುಗರು, ಕೂಸು ಎತ್ತಿಕೊಂಡ ತಾಯಂದಿರು, ಸಗಣಿ ಕೈಯಲ್ಲೇ ಮುದುಕಿಯರು. ಟೀಚರಮ್ಮ ಮಧ್ಯೆ ನಿಂತರು. "ಯಾರೂ ಮುಟ್ಬೇಡಿ, ಕೂತ್ಕೊಳ್ಳಿ! ಮೊದ್ಲು ಮೊಟ್ಟೆ, ಆಮೇಲೆ ಹುಳ, ಆಮೇಲೆ ಗೂಡು... ಆಮೇಲೆ?"

"ಚಿಟ್ಟೇ!" ವರ್ಷಗಟ್ಟಲೆ ಹುಳು ಸಾಕಿದ ಹೆಂಗಸರೂ ಕೂಗಿದರು.

ನಮ್ಮತ್ತೆ ಮಾತ್ರ ಗೂಡು ನೋಡುತ್ತಿದ್ದರು. "ಲೇ, ಇದು ನಮ್ ಚಂದ್ರಿಕೇದು ಕಣೇ! ಕಳ್ಳಿ!"

"ಆಮೇಲೆ ಬೈಯ್ರಿ ಅತ್ತೆ, ಮೇಡಂ ಇಲ್ಲೇ ಅವ್ರೆ," ಎಂದೆ.

ಅತ್ತೆ ಮೇಡಂ ಕಡೆ ತಿರುಗಿ, "ಬರ್ಕೊಳಮ್ಮ, ನನ್ನ ಇಬ್ರು ಮೊಮ್ಮಕ್ಳುನ್ನ. ಇಷ್ಟು ಗೂಡು ಹಾಳಾದ್ಮೇಲೆ ಓದಾದ್ರೂ ಬರ್ಲಿ!" ಎಂದರು. ಅವರು ಬರೆಸಿದ ಮೇಲೆ ಉಳಿದವರು ಬಿಡುತ್ತಾರೆಯೇ? ಸಾಲುಗಟ್ಟಿದರು. ಒಟ್ಟು ಮೂವತ್ತನಾಲ್ಕು ಮಕ್ಕಳು! ಹಾಜರಿ ಪುಸ್ತಕದ ಮೇಲೆ ಚಿಟ್ಟೆಯೊಂದು ಕಂದು ಹನಿ ಬಿಟ್ಟಿತು. ಮೇಡಂ ಅದರ ಪಕ್ಕದಲ್ಲೇ ಸಹಿ ಹಾಕಿದರು.

ಎಲ್ಲರೂ ಹೋದ ಮೇಲೆ ಟೀಚರಮ್ಮ ನನ್ನ ಕಿವಿ ಹಿಂಡಿದರು, ಆಮೇಲೆ ತಬ್ಬಿಕೊಂಡರು.

ಎಂಬತ್ತರ ದಶಕದಲ್ಲಿ ಅವರಿಗೆ ಶ್ರೀನಿವಾಸಪುರದ ಕಡೆ ವರ್ಗವಾಯಿತು. ಪ್ರತಿವರ್ಷ ಮಾವಿನಹಣ್ಣಿನ ಬುಟ್ಟಿ ಕಳಿಸುತ್ತಿದ್ದರು. ಒಂದು ವರ್ಷ ಬುಟ್ಟಿ ಬರಲಿಲ್ಲ... ಬಸ್ಸು ಹತ್ತಿ ಹೋಗಿ ವಿಚಾರಿಸಿದರೆ, ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಮೊನ್ನೆ ಊರಿಗೆ ಹೋದಾಗ ಬಾಲವಾಡಿ ಬಾಗಿಲಲ್ಲಿ ನಿಂತೆ. ಈಗ ಅಂಗನವಾಡಿ ಅನ್ನುತ್ತಾರೆ. ಹೊಸ ಟೀಚರು, ಚಿಕ್ಕ ವಯಸ್ಸಿನವಳು, "ಯಾರ್ ಬೇಕಜ್ಜಿ?" ಎಂದಳು.

"ಇಲ್ಲಿ ಒಬ್ರು ಟೀಚರಮ್ಮ ಇದ್ರು..." ಎಂದೆ. ಮಕ್ಕಳ ಗಲಾಟೆಯಲ್ಲಿ ಅವಳಿಗೆ ಅದು ಕೇಳಿಸಲೂ ಇಲ್ಲ. ಕೇಳಿಸದಿದ್ದರೆ ಬೇಡ ಬಿಡಿ. ಅಷ್ಟು ಗಲಾಟೆ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿಂದ ಆಗುವಂಥದ್ದಲ್ಲ.