ಎರಡನೇ ಭಾಗಕ್ಕೆ ಬೇಕಾದ ಕೂಗು

ತಲೆ ಕಡಿಯುವ ಸದ್ದಿಗೆ ಬಾಳೆದಿಂಡು ಸಾಕು. ಆದರೆ ಒಂದೇ ಏಟಿಗೆ ತುಂಡಾಗಬೇಕು, ಎರಡನೇ ಏಟು ಹಾಕಿದರೆ ಸದ್ದು ಸುಳ್ಳಾಗುತ್ತದೆ. ಚಾಟಿಗೆ ಒಣಗಿದ ಅಡಿಕೆ ಹಾಳೆ. ಹೊಟ್ಟೆಗೆ ಈಟಿ ಹೊಗುವುದಕ್ಕೆ ಬಲಿತ ಮೊಗೆಕಾಯಿ, ಸಾಂಬಾರಿಗೆ ಹಾಕುವ ದಪ್ಪ ಸೌತೆ. ಇದನ್ನೆಲ್ಲ ದುರ್ಗಿಗೆ ಯಾರೂ ಕಲಿಸಿದ್ದಲ್ಲ.

ದುರ್ಗಿ ಸಿದ್ದಾಪುರ ತಾಲೂಕಿನ ಹೇರೂರಿನವಳು. ನಲವತ್ತಾರು ವರ್ಷ. ಶಿರಸಿಯ ಯಲ್ಲಾಪುರ ನಾಕಾದ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಮನೋಹರ, ಕಾವ್ಯಶ್ರೀ ಎಂಬ ಗಂಡ ಹೆಂಡತಿ ಮೊಬೈಲಿನಲ್ಲಿ ಆಡುವ ಆಟಗಳನ್ನು ತಯಾರಿಸುತ್ತಾರೆ. ಅಲ್ಲಿ ಕಸ ಹೊಡೆದು ಚಾ ಮಾಡಿಕೊಡಲೆಂದು ಅವಳನ್ನು ಇಟ್ಟುಕೊಂಡಿದ್ದರು. ಮೂರನೇ ವಾರ ಅವಳು ಕಸಬರಿಗೆ ಹಿಡಿದು ಹಿಂದಿನ ಕೋಣೆಗೆ ಹೋದಾಗ ಮನೋಹರ ಮೈಕಿನ ಮುಂದೆ ಕೂತು ಬಿದಿರಿನ ಕಡ್ಡಿಗಳನ್ನು ಒಂದೊಂದಾಗಿ ಮುರಿಯುತ್ತಿದ್ದ.

"ಎಂತದು ತಮ್ಮಾ ಅದು?"

"ಮೂಳೆ ಮುರಿಯೋ ಸದ್ದು ದುರ್ಗಕ್ಕ."

"ಅದಾ? ಅದು ಕಟ್ಟಿಗೆ ಮುರಿದ ಸದ್ದು. ಮೂಳೆ ಹಂಗೆ ಹೊರಗೆ ಕೇಳೂದಿಲ್ಲ. ಒಳಗೆ ಕೇಳ್ತದೆ."

"ನಿಂಗೆ ಹೆಂಗೆ ಗೊತ್ತು?"

ದುರ್ಗಿ ಎಡಗೈ ಮುಂದೆ ಚಾಚಿ ತೋರಿಸಿದಳು. ಮೊಣಕೈಯ ಕೆಳಗೆ ಅದು ಸೊಟ್ಟಗಿತ್ತು. "ಬೈರ ಒನಕೆಯಲ್ಲಿ ಹೊಡೆದಾಗ ಕೇಳಿದ್ದೆ."

ಆಮೇಲೆ ಅವಳೇ ಒಂದು ಒಣ ಸೋಗೆಯ ದಂಟನ್ನು ಒದ್ದೆ ಗೋಣಿಯಲ್ಲಿ ಬಿಗಿಯಾಗಿ ಸುತ್ತಿ, ಮೊಣಕಾಲಿಗೆ ಒತ್ತಿಟ್ಟು ಮುರಿದಳು. ಮುಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದ ಕಾವ್ಯಶ್ರೀ ಅದನ್ನು ಕಿತ್ತು ಕೆಳಗಿಟ್ಟಳು.

"ಥೋ, ಕೇಳೂಕಾಗೂದಿಲ್ಲ."

"ಹಂಗಾರೆ ಸರಿ ಬಂತು ಹೇಳಾಯ್ತು" ಎಂದು ದುರ್ಗಿ ನಕ್ಕಳು. ಅಂದಿನಿಂದ ಅವಳ ಕೆಲಸ ಬದಲಾಯಿತು. ಚಾ ಮಾತ್ರ ಅವಳೇ ಮಾಡಬೇಕಿತ್ತು, ಯಾಕೆಂದರೆ ಅವರಿಬ್ಬರು ಮಾಡಿದ ಚಾವನ್ನು ಕುಡಿಯಲಾಗುತ್ತಿರಲಿಲ್ಲ.

ಬೈರ ಅವಳ ಗಂಡ. ಇಪ್ಪತ್ತೆರಡು ವರ್ಷ ಅವನ ಜೊತೆ ಬಾಳಿದ್ದಳು. ಸೌದೆ, ಬೆಲ್ಟು, ಕಾದ ಸೌಟು, ಕೈಗೆ ಯಾವುದು ಸಿಕ್ಕಿದರೆ ಅದರಲ್ಲಿ ಹೊಡೆಯುತ್ತಿದ್ದ. ಎರಡು ಬಸಿರು ನಿಂತಿತ್ತು. ಒಂದು ತಾನಾಗಿ ಹೋಯಿತು, ಇನ್ನೊಂದು ಅವನ ಒದೆತಕ್ಕೆ ಹೋಯಿತು. ಒಲೆಯ ಮುಂದೆ ಕೂತಿದ್ದರೂ ಅಂಗಳಕ್ಕೆ ಬರುವ ಕಾಲಿನ ಸದ್ದಿನಲ್ಲೇ ಅವಳಿಗೆ ಇವತ್ತು ಬರಿಗೈಯೋ, ಕೋಲೋ, ಕತ್ತಿಯೋ ಎಂದು ತಿಳಿಯುತ್ತಿತ್ತು. ಕೋಲು ಹಿಡಿದವನ ಒಂದು ಕಾಲು ಸ್ವಲ್ಪ ಹಗುರ ಬೀಳುತ್ತದೆ. ಕತ್ತಿ ಹಿಡಿದವನು ಮೆತ್ತಗೆ ನಡೆಯುತ್ತಾನೆ. ಕೈ ಮುರಿದ ವರ್ಷ ಅವಳು ಮನೆ ಬಿಟ್ಟು ಶಿರಸಿಗೆ ಬಂದು ಒಂದು ಬಾಡಿಗೆ ಕೋಣೆ ಹಿಡಿದಳು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮಾರಿಕಾಂಬೆಯ ಗುಡಿಯ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದಳು. ಕೇಳಿಕೊಳ್ಳುತ್ತಿದ್ದದ್ದು ಒಂದೇ, ಅವನು ಬರದಿರಲಿ.

ಅವನು ಬಂದ. ಒಂದು ಮಧ್ಯಾಹ್ನ ದುರ್ಗಿ ಹಿಂದಿನ ಕೋಣೆಯಲ್ಲಿ ದಿಂಡು ಕಡಿಯುತ್ತಿದ್ದಳು. ಮನೋಹರ ಕೆಳಗೆ ಯಾರನ್ನೋ ಕಾಣಲು ಹೋಗಿದ್ದ. ಮೈಕು ತೆರೆದಿತ್ತು. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದ ಆ ಕೋಣೆಯೊಳಗೆ ಹೊರಗಿನ ಸದ್ದು ಬರುವುದಿಲ್ಲ. ಹಿಂದಿನ ಮೆಟ್ಟಿಲು ಹತ್ತಿದ ಅವನ ಹೆಜ್ಜೆ ಅವಳಿಗೆ ಕೇಳಲಿಲ್ಲ.

"ಮನೆ ಬಿಟ್ಟು ಬಂದು ಇಲ್ಲಿ ಆಟ ಆಡ್ತಿಯೇನೇ?"

ಅವಳು ತಿರುಗುವಷ್ಟರಲ್ಲಿ ಅವಳ ಕೈಯ ಕತ್ತಿ ಅವನ ಕೈಗೆ ಹೋಗಿತ್ತು. ಮೊದಲ ಏಟು ಕತ್ತಿಯ ಬೆನ್ನಿನದು, ಕೊರಳ ಬುಡದ ಮೂಳೆಗೆ. ಎರಡನೆಯದು ಅಲಗಿನದು. ಬಲ ಭುಜದ ಮಾಂಸ ತೆರೆದುಕೊಂಡಿತು. ಇಪ್ಪತ್ತೆರಡು ವರ್ಷದಲ್ಲಿ ದುರ್ಗಿ ಒಮ್ಮೆಯೂ ಕೂಗಿರಲಿಲ್ಲ. ಕೂಗಿದರೆ ಇನ್ನೂ ಹೊಡೆಯುತ್ತಿದ್ದ. ಆ ದಿನ ಕೂಗಿದಳು.

ಆ ಕೂಗು ಕಾವ್ಯಶ್ರೀಯ ಕಿವಿಗೆ ನೇರವಾಗಿ ಹೆಡ್‌ಫೋನಿನಲ್ಲಿ ಹೋಯಿತು. ಓಡಿ ಬಂದವಳು ಮೈಕಿನ ಕಬ್ಬಿಣದ ಸ್ಟ್ಯಾಂಡನ್ನೇ ಎತ್ತಿ ಬೈರನ ಮುಖಕ್ಕೆ ಬೀಸಿದಳು. ಎರಡು ಹಲ್ಲು ಉದುರಿತು. ಬಿದ್ದವನ ಮೇಲೆ ಮತ್ತೆರಡು ಹೊಡೆತ ಹಾಕಿದಳು. ಆಮೇಲೆ ಅದೇ ಸ್ಟ್ಯಾಂಡಿಗೆ ಆತುಕೊಂಡು ವಾಂತಿ ಮಾಡಿದಳು.

ದುರ್ಗಿಗೆ ಹದಿನೇಳು ಹೊಲಿಗೆ ಬಿತ್ತು. ಧ್ವನಿಮುದ್ರಣ ಪೊಲೀಸರಿಗೆ ಸಾಕ್ಷಿಯಾಯಿತು. ಬೈರ ಜೈಲಿಗೆ ಹೋದ. ಮನೋಹರನ ಹತ್ತಿರ ಅದರ ಇನ್ನೊಂದು ಪ್ರತಿ ಉಳಿಯಿತು.

ಮರುವರ್ಷ ಅವರ 'ರಣಗಡಿ' ಹೊರಬಂತು. ಬೆಂಗಳೂರಿನ ಒಂದು ಕಂಪನಿ ಅದನ್ನು ಪ್ರಕಟಿಸಿತ್ತು. ಕೋಟೆಯೊಳಗೆ ನುಗ್ಗಿ ಎದುರಾದವರನ್ನು ಕಡಿಯುತ್ತ ಹೋಗುವ ಆಟ. ಕೊನೆಯ ಬಾಗಿಲಲ್ಲಿ ಒಬ್ಬ ಕಾವಲುಗಾತಿ ನಿಂತಿರುತ್ತಾಳೆ. ಲಕ್ಷಗಟ್ಟಲೆ ಜನ ಆಡಿದರು.

ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದವನ ಮೊಬೈಲಿನಿಂದ ದುರ್ಗಿಗೆ ಆ ಕೂಗು ಕೇಳಿತು. ತಾನೇ ಕೂಗಿದೆನೆಂದು ತಿಳಿದು ಬಾಯಿ ಮುಚ್ಚಿಕೊಂಡಳು. ಅವನು ಮತ್ತೆ ಕಡಿದ. ಮತ್ತೆ ಕೂಗು. ಐದು ಸಲ.

"ಎಂತಾ ಕೂಗು ಮಾರಾಯ್ತಿ! ಇದನ್ನ ಕೇಳೂಕೇ ಆಡೂದು ನಾನು" ಎಂದು ಅವನು ಅವಳ ಕಡೆ ಮೊಬೈಲು ಹಿಡಿದ.

ಅವಳು ಅಕ್ಕಿ ಬಿಟ್ಟು ನೇರ ಕಚೇರಿಗೆ ಬಂದಳು. ಮನೋಹರ ತಲೆ ಎತ್ತಲಿಲ್ಲ.

"ತಪ್ಪಾಯ್ತು ದುರ್ಗಕ್ಕ. ಎಷ್ಟು ಜನರ ಹತ್ರ ಕೂಗಿಸಿದ್ರೂ ಸರಿ ಬರಲಿಲ್ಲ. ನಿನ್ನ ಕೇಳಿದ್ರೆ ನೀ ಬ್ಯಾಡ ಅಂತಿದ್ದೆ."

"ಅಂತಿದ್ದೆ. ತೆಗಿ ಅದನ್ನ."

"ಹೊರಗೆ ಹೋದದ್ದು ಹೋಯ್ತಲ್ಲ. ಇನ್ನು ಯಾವುದಕ್ಕೂ ಹಾಕೂದಿಲ್ಲ. ಅಮ್ಮನ ಆಣೆ."

"ಈಗ ಎಲ್ಲಿ ಅದೆ ಅದು?"

ಮನೋಹರ ಮೇಜಿನ ಮೇಲಿನ ಕಪ್ಪು ಡಬ್ಬಿ ತೋರಿಸಿದ. ಅಂಗೈಯಗಲದ ಹಾರ್ಡ್ ಡಿಸ್ಕು. "ಇದರೊಳಗೆ."

ಅಲ್ಲಿಗೆ ಕೆಲಸ ಬಿಡಬಹುದಿತ್ತು. ಬಿಡದಿದ್ದದ್ದು ಕಾವ್ಯಶ್ರೀಯ ಹೊಸ ಆಟಕ್ಕಾಗಿ. ಅದರಲ್ಲಿ ಪರದೆ ಪೂರ್ತಿ ಕಪ್ಪು. ಆಡುವವನು ಆಟದೊಳಗೆ ಒಬ್ಬ ಕುರುಡಿ. ಊರಿಗೆ ಬೆಂಕಿ ಬಿದ್ದಿದೆ, ಕೊಲ್ಲುವವರು ಮನೆಮನೆ ಹುಡುಕುತ್ತಿದ್ದಾರೆ. ಬರುವವನ ಹೆಜ್ಜೆಯನ್ನಷ್ಟೇ ಕೇಳಿ ಅವನ ಕೈಯಲ್ಲಿ ಏನಿದೆ ಎಂದು ತಿಳಿಯಬೇಕು, ಓಡಬೇಕೋ ಉಸಿರು ಹಿಡಿಯಬೇಕೋ ನಿರ್ಧರಿಸಬೇಕು. ದುರ್ಗಿ ಒಲೆಯ ಮುಂದೆ ಕೂತು ಕಲಿತದ್ದನ್ನೆಲ್ಲ ಕಾವ್ಯಶ್ರೀ ಕೇಳಿಸಿಕೊಂಡಿದ್ದಳು, ಕೇಳಿ ಒಪ್ಪಿಗೆ ಪಡೆದಿದ್ದಳು. ಎಂಟು ತಿಂಗಳು ದುರ್ಗಿ ಅದಕ್ಕೆ ಸದ್ದು ಕೊಟ್ಟಳು. ಕೆಂಡ ತುಳಿದ ಕಾಲು, ಹೊಗೆಯಲ್ಲಿ ಕೆಮ್ಮುವ ಎತ್ತು, ಬಾಗಿಲ ಸಂದಿನಿಂದ ತೂರುವ ಈಟಿ. ಕತ್ತಿ ಹಿಡಿದವನ ಹೆಜ್ಜೆಯನ್ನು ಅವಳೇ ನಡೆದು ತೋರಿಸಿದಳು. ನಡೆಯುವಾಗ ಅವಳಿಗೆ ಒಂಥರಾ ಖುಷಿಯಾಗುತ್ತಿತ್ತಂತೆ.

ಕಂಪನಿಗೆ ಮಾತ್ರ 'ರಣಗಡಿ'ಯ ಎರಡನೇ ಭಾಗ ಬೇಕಿತ್ತು. ಒಂದು ದಿನ ಅವರ ಕಡೆಯ ರಘುಪತಿ ಎಂಬವನು ಶಿರಸಿಗೇ ಬಂದ. ಸಭ್ಯ ಮನುಷ್ಯ. ಬೂಟು ಹೊರಗೆ ಬಿಟ್ಟು ಬಂದು ಕೂತ.

"ಮೊದಲ್ನೇ ಭಾಗ ಓಡಿದ್ದು ಆ ಒಂದು ಕೂಗಿಂದ ಸಾರ್. ಎರಡ್ನೇದ್ರಲ್ಲಿ ಕಾವಲುಗಾತಿಯರು ಹನ್ನೆರಡು ಜನ ಇರ್ಲಿ. ಹನ್ನೆರಡು ಕೂಗು. ಅದೇ ಗಂಟಲು."

ಕಾವ್ಯಶ್ರೀ ಅವನ ಕಿವಿಗೆ ಹೆಡ್‌ಫೋನ್ ಹಾಕಿ ತನ್ನ ಆಟ ಹಚ್ಚಿದಳು. ಎರಡು ನಿಮಿಷವಾಗಿರಲಿಲ್ಲ, ರಘುಪತಿ ಕುರ್ಚಿಯಲ್ಲೇ ಹಾರಿಬಿದ್ದ.

"ನಾನು ಸತ್ನಾ?"

"ಸತ್ರಿ. ಕೋಲು ಅಂದ್ಕೊಂಡ್ರಿ, ಕತ್ತಿ ಇತ್ತು."

ಅವನು ಬೆವರು ಒರೆಸಿಕೊಂಡ. "ಚೆನ್ನಾಗಿದೆ ಮೇಡಂ, ಸುಳ್ಳು ಹೇಳಲ್ಲ. ಆದ್ರೆ ಬರೀ ಇದನ್ನ ತಗೊಂಡ್ ಹೋದ್ರೆ ನನ್ನ ಕೆಲಸ ಹೋಗುತ್ತೆ. ಹೊಸದನ್ನ ಜನ ಹೊಗಳ್ತಾರೆ, ಹಳೇದನ್ನ ಆಡ್ತಾರೆ. ಎರಡ್ನೇ ಭಾಗ ಕೊಡಿ. ಅದರ ಬೆನ್ನಿಗೇ ಇದನ್ನೂ ತರ್ತೀನಿ, ಬರೆದು ಕೊಡ್ತೀನಿ."

ಆಗ ದುರ್ಗಿ ಚಾ ತಂದಳು. ಮನೋಹರ ಅವಳನ್ನು ನೋಡಿದ. ರಘುಪತಿಗೂ ಅರ್ಥವಾಯಿತು.

"ಇವರದಾ ಆ ದನಿ? ನಮಸ್ಕಾರ ಅಮ್ಮಾ."

ದುರ್ಗಿ ಚಾ ಕೆಳಗಿಟ್ಟು ಮೂಲೆಯಲ್ಲಿದ್ದ ಒಣ ಅಡಿಕೆ ಹಾಳೆಯನ್ನು ತಂದು ಅವನ ಮುಂದೆ ಹಿಡಿದಳು.

"ಹೊಡಿರಿ."

"ಅಯ್ಯೋ, ಏನಮ್ಮಾ ಇದು?"

"ಒಂದಕ್ಕೆ ಹದಿನೇಳು ಹೊಲಿಗೆ ಬಿತ್ತು ನಂಗೆ. ಹನ್ನೆರಡು ಬೇಕಂದ್ರೆ ಯಾರಾರೂ ಹೊಡಿಬೇಕಲ್ಲ. ನೀವೇ ಹೊಡಿರಿ, ಚಾ ಆರೂದ್ರೊಳಗೆ ಮುಗೀತದೆ."

ರಘುಪತಿ ಚಾ ಲೋಟ ಉರುಳಿಸಿಕೊಂಡು ಎದ್ದು ಗೋಡೆಗೆ ಸರಿದ. ಮನೋಹರ ನಡುವೆ ಬಂದ.

"ಹೊಸದಾಗಿ ಕೂಗೂದು ಬ್ಯಾಡ ದುರ್ಗಕ್ಕ. ಇದ್ದದ್ದನ್ನೇ ಏರಿಸಿ ಇಳಿಸಿ ಹನ್ನೆರಡು ಮಾಡ್ಕಳ್ತೆ. ಇದೊಂದು ಸಲ. ಕಾವ್ಯನ ಆಟ ಹೊರಗೆ ಬರಬೇಕಲ್ಲ, ಅದು ನಿಂದೂ ಹೌದಲ್ಲ."

"ಆಣೆ ಹಾಕಿದ್ದೆ ನೀನು."

"ಹಾಕಿದ್ದೆ. ಎಂತ ಮಾಡೂದು ಹೇಳು."

ದುರ್ಗಿ ಹಿಂದಿನ ಕೋಣೆಗೆ ಹೋಗಿ ಕತ್ತಿ ತಂದಳು. ಮೆತ್ತಗೆ ನಡೆದು ಬಂದಳು. ಯಾರಿಗೂ ಏನು ನಡೆಯುತ್ತಿದೆ ಎಂದು ತಿಳಿಯುವ ಮೊದಲೇ ಮೇಜಿನ ಮೇಲಿದ್ದ ಕಪ್ಪು ಡಬ್ಬಿಯನ್ನು ವೈರು ಸಮೇತ ಎಳೆದು ನೆಲಕ್ಕೆ ಹಾಕಿ ಕಡಿದಳು. ಮೊದಲ ಏಟಿಗೆ ಡಬ್ಬಿ ಹಾರಿತು. ಕಾಲಲ್ಲಿ ಒತ್ತಿ ಹಿಡಿದು ಎರಡನೇ ಏಟು, ಮೂರನೇ ಏಟು. ಒಳಗಿನ ಕನ್ನಡಿಯಂಥ ಬಿಲ್ಲೆ ಚೂರಾಗಿ ರಘುಪತಿಯ ಕಾಲಬುಡಕ್ಕೆ ಚಿಮ್ಮಿತು. ತಡೆಯಲು ಬಂದ ಮನೋಹರನ ಕಡೆ ಅವಳು ಕತ್ತಿ ತಿರುಗಿಸಿದಳು. ಅವನು ಹಿಂದೆ ಸರಿದ. ಮತ್ತೆ ಬಗ್ಗಿ ಚೂರುಗಳನ್ನೂ ಕಡಿದಳು.

"ಈಗ ಮಾಡು ಹನ್ನೆರಡು."

ಕಾವ್ಯಶ್ರೀ ನೆಲದ ಮೇಲೆ ಕೂತು ಒಂದು ಚೂರನ್ನು ಎತ್ತಿಕೊಂಡು ನೋಡಿದಳು, ಕೆಳಗಿಟ್ಟಳು, ಇನ್ನೊಂದನ್ನು ಎತ್ತಿಕೊಂಡಳು. ಅವಳ ಬೆರಳಿನಿಂದ ರಕ್ತ ಬರುತ್ತಿತ್ತು.

"ದುರ್ಗಕ್ಕ, ಅವಳ ಆಟ ಇದ್ದದ್ದೂ ಅದರಲ್ಲೇ" ಎಂದ ಮನೋಹರ. ಒಪ್ಪಂದದ ಪ್ರಕಾರ ಆ ವರ್ಷಗಳಲ್ಲಿ ಅವರು ಮಾಡಿದ್ದೆಲ್ಲ ಕಂಪನಿಯದು. ಹಾಗಾಗಿ ಪೂರ್ತಿಯಾಗುವ ಮೊದಲೇ ಅವರ ಕೈಗೆ ಸಿಗಬಾರದೆಂದು ಹೊಸ ಆಟವನ್ನು ನೆಟ್ಟಿಗೆ ಏರಿಸದೆ, ಬೇರೆಲ್ಲೂ ಇಡದೆ, ಅದೊಂದು ಡಬ್ಬಿಯಲ್ಲೇ ಬಚ್ಚಿಟ್ಟಿದ್ದರು. ಇವತ್ತು ಮೊದಲ ಸಲ ಹೊರಗಿನವರಿಗೆ ತೋರಿಸಿದ್ದು.

ರಘುಪತಿ ಪ್ಯಾಂಟಿನ ಮೇಲೆ ಚೆಲ್ಲಿದ ಚಾ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದ: "ಆ ಕೂಗು ನಮ್ಮ ಹತ್ರಾನೂ ಇದೆ ಅಮ್ಮಾ. ಹೊರಗೆ ಬಂದಿರೋ ಆಟದಿಂದ ತೆಗೆಯೋಕೆ ಒಂದು ಗಂಟೆ ಸಾಕು."

ಕಾವ್ಯಶ್ರೀ ಎದ್ದು ಬಂದು ದುರ್ಗಿಯ ಕೆನ್ನೆಗೆ ಹೊಡೆದಳು. ಕೈಯ ರಕ್ತ ಕೆನ್ನೆಗೆ ಅಂಟಿತು. ದುರ್ಗಿ ಕತ್ತಿ ಕೆಳಗಿಟ್ಟು ಮೆಟ್ಟಿಲಿಳಿದು ಹೋದಳು.

ಮೂರು ದಿನ ಅವಳು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಗುಡಿಗೂ ಹೋಗಲಿಲ್ಲ. ಹೋದರೆ ಏನು ಕೇಳಿಕೊಳ್ಳಬೇಕೆಂದು ತಿಳಿಯಲಿಲ್ಲ ಎನ್ನುತ್ತಾಳೆ. ನಾಲ್ಕನೇ ದಿನ ಕಾವ್ಯಶ್ರೀಯ ಫೋನು ಬಂತು.

"ದಿಂಡು ಕಡಿಯೂಕೆ ಜನ ಇಲ್ಲ. ಬಾ."

"ಯಾವುದಕ್ಕೆ?"

"ಎರಡನೇ ಭಾಗಕ್ಕೆ. ನಿನ್ನ ಕೂಗು ಹಾಕೂದಿಲ್ಲ. ಹಾಕಿದ್ರೆ ನಾ ಆಟದ ಚಿತ್ರ ಬರೆದುಕೊಡೂದಿಲ್ಲ ಹೇಳಿದ್ದೆ. ಕಂಪನಿಯವರ ಹತ್ರ ಬರೆಸ್ಕಂಡಿದ್ದೆ."

"ಮತ್ತೆ ಹನ್ನೆರಡು ಎಲ್ಲಿಂದ ತರ್ತೆ ತಂಗಿ?"

"ನೀ ಬಾ ಮೊದಲು."

ದುರ್ಗಿ ಹೋದಳು. ಬೆಳಗಿನಿಂದ ಮೂವತ್ತು ದಿಂಡು ಕಡಿದಳು. ಅದು ಮುಗಿದ ಮೇಲೆ ಕಾವ್ಯಶ್ರೀ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಮುಂದಿನ ಕೋಣೆಯಲ್ಲಿ ಮನೋಹರ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಅವನ ಮುಖ ನೋಡಿದರೆ ಸಾಕಿತ್ತು, ಒಳಗಿನದೆಲ್ಲ ತಿಳಿಯುತ್ತಿತ್ತು. ಮೊದಲ ಎರಡು ಸಲ ಅವನು ಅಡ್ಡ ತಲೆಯಾಡಿಸಿದ, ಕೂಗು ಸರಿ ಬರಲಿಲ್ಲ. ಮೂರನೆಯದಕ್ಕೆ ಅವನ ಕೈ ಮೇಜನ್ನು ಹಿಡಿಯಿತು. ಆ ದಪ್ಪ ಹಾಸಿಗೆಗಳನ್ನೂ ದಾಟಿ ಅದು ದುರ್ಗಿಗೆ ತೆಳ್ಳಗೆ ಕೇಳಿತು. ಆಮೇಲೆ ಒಂದರ ಹಿಂದೆ ಒಂದು ಬಂದವು. ದುರ್ಗಿ ಎಣಿಸಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಭುಜದ ಕಲೆಯ ಮೇಲೆ ಅಂಗೈ ಇಟ್ಟು ಕೂತಳು. ನಡುವೆ ಒಮ್ಮೆ ಮನೋಹರ ಹೆಡ್‌ಫೋನ್ ತೆಗೆದು ಹೊರಗೆ ಹೋದ, ಮತ್ತೆ ಬಂದು ಹಾಕಿಕೊಂಡ.

ಬಾಗಿಲು ತೆರೆದಾಗ ಕಾವ್ಯಶ್ರೀಯ ಕಣ್ಣು ಕೆಂಪಾಗಿತ್ತು. ಗಂಟಲಿನಿಂದ ಬರಿಯ ಗಾಳಿ ಬರುತ್ತಿತ್ತು. ದುರ್ಗಿ ಬಿಸಿನೀರಿಗೆ ಉಪ್ಪು ಹಾಕಿ ತಂದುಕೊಟ್ಟಳು. ಅವಳು ಮುಕ್ಕಳಿಸಿ ಉಗಿದಾಗ ನೀರಿನಲ್ಲಿ ಒಂದು ಕೆಂಪು ಎಳೆ ಇತ್ತು.

"ಬಂತಾ?" ಎಂದು ದುರ್ಗಿ ಕೇಳಿದಳು.

"ಬಂತು. ಮೊದಲಿನದಕ್ಕಿಂತ ಚೊಲೋ ಅದೆ ಅಂತಾನೆ ಇವನು."

"ಯಾರನ್ನ ನೆನೆಸ್ಕಂಡು ಕೂಗಿದೆ? ಬೈರನ್ನಾ?"

ಕಾವ್ಯಶ್ರೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಬೆರಳಿಗೆ ಕಟ್ಟಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ.

"ಅಲ್ಲ. ನಿನ್ನ. ಅವತ್ತು ಕತ್ತಿ ತಂದ ನಿನ್ನ."

ದುರ್ಗಿ ಹೌದೆಂಬಂತೆ ತಲೆ ಅಲ್ಲಾಡಿಸಿದಳು. ಒಳಗೆ ಹೋಗಿ ನೆಲದ ಮೇಲೆ ಬಿದ್ದಿದ್ದ ದಿಂಡಿನ ತುಂಡುಗಳನ್ನು ಗೋಣಿಗೆ ತುಂಬಿದಳು, ಕತ್ತಿಯನ್ನು ತೊಳೆದು ಒರೆಸಿ ಗೋಡೆಯ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಹಾಸಿಗೆ ಹೊಡೆದ ಆ ಕೋಣೆಯ ನಡುವೆ ನಿಂತು ಕರೆದಳು.

"ತಂಗಿ, ಬಾ ಇಲ್ಲಿ. ಮೈಕು ಹಚ್ಚು. ನಿನ್ನ ಆಟಕ್ಕೆ ಕೋಲು ಹಿಡಿದವನ ಹೆಜ್ಜೆ ಮೊದಲು ನಡೀತೆ ನಾ. ಇವತ್ತಿಗೆ ಅದೊಂದು ಆಗ್ಲಿ."